ಯಾವ ಮಗುವಿನ ಸುದ್ದಿಗೆ ಎಷ್ಟು ಕಾಲಂ

ನಮ್ಮ ಪತ್ರಿಕೆಯ ಹುಬ್ಬಳ್ಳಿ ಆವೃತ್ತಿಯ ಡೆಸ್ಕ್‌ಗೆ ನಾನು ವರ್ಗವಾಗಿ ಬಂದ ಹೊಸದರಲ್ಲೇ ಸಂಪಾದಕರು ಒಂದು ಕೆಲಸ ಹಚ್ಚಿದರು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುದ್ದಿಯಲ್ಲಿ ಏನು ಹಾಕಬೇಕು, ಏನು ಹಾಕಬಾರದು ಅಂತ ವರದಿಗಾರರಿಗೆ ಒಂದು ಹಾಳೆ ಮಾಡಿಕೊಡಬೇಕಿತ್ತು. ನಾನು ಬರುವ ಮೊದಲು ಯಾವುದೋ ಸುದ್ದಿಯಲ್ಲಿ ಮಗುವಿನ ಶಾಲೆಯ ಹೆಸರು ಅಚ್ಚಾಗಿ, ಮಕ್ಕಳ ಕಲ್ಯಾಣ ಸಮಿತಿಯಿಂದ ನೋಟಿಸ್ ಬಂದಿತ್ತಂತೆ. ‘ಕಾಯ್ದೆ ನೋಡಿ ಅರ್ಧ ಪುಟ ಬರೆದರೆ ಆಯ್ತು’ ಎಂದರು. ನನಗೂ ಅಷ್ಟೇ ಅನ್ನಿಸಿತ್ತು.

ಕಾಯ್ದೆಯ ಭಾಗ ಬೇಗ ಮುಗಿಯಿತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ 2012ರ ಪೋಕ್ಸೊ ಕಾಯ್ದೆಯಲ್ಲಿ 23ನೇ ಸೆಕ್ಷನ್ ಇರುವುದೇ ಮಾಧ್ಯಮದವರಿಗಾಗಿ. ಮಗುವಿನ ಹೆಸರು, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ಓಣಿ, ಗುರುತು ಹತ್ತುವಂಥ ಬೇರೆ ಏನನ್ನೂ ಹಾಕುವಂತಿಲ್ಲ. ಹಾಕಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಪತ್ರಿಕೆಯ ಮಾಲೀಕರೂ ಇದಕ್ಕೆ ಹೊಣೆ. 2018ರಲ್ಲಿ ಜಮ್ಮುವಿನ ಕಠುವಾದಲ್ಲಿ ಅತ್ಯಾಚಾರಕ್ಕೀಡಾಗಿ ಕೊಲೆಯಾದ ಬಾಲಕಿಯ ಗುರುತು ಹೊರಹಾಕಿದ್ದಕ್ಕೆ ದೆಹಲಿ ಹೈಕೋರ್ಟ್ 12 ಮಾಧ್ಯಮ ಸಂಸ್ಥೆಗಳಿಗೆ ತಲಾ 10 ಲಕ್ಷ ರೂಪಾಯಿ ಕಟ್ಟಲು ಹೇಳಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಗಿ ಮಾಡಿತು. ಮಗು ತೀರಿಕೊಂಡಿದ್ದರೂ, ಮನೆಯವರೇ ಒಪ್ಪಿದರೂ, ಪತ್ರಿಕೆಯವರು ತಾವಾಗಿಯೇ ಹೆಸರು ಹಾಕುವ ಹಾಗಿಲ್ಲ.

ಇಷ್ಟು ಟೈಪ್ ಮಾಡಿ ಕೊಟ್ಟುಬಿಡಬಹುದಿತ್ತು. ಆದರೆ ಉದಾಹರಣೆಗೆ ಅಂತ ನಮ್ಮವೇ ನಾಲ್ಕಾರು ಸುದ್ದಿ ಬೇಕಿತ್ತು. ಕೆಳಗಿನ ಕೋಣೆಯಲ್ಲಿ ಹಳೆ ಪತ್ರಿಕೆಗಳನ್ನು ತಿಂಗಳುವಾರು ಕಟ್ಟಿ ಇಟ್ಟಿರುತ್ತಾರೆ. ಒಂದು ವರ್ಷದ ಬಂಡಲ್ ತಿರುವಿದೆ, ಆಮೇಲೆ ಇನ್ನೊಂದು ವರ್ಷದ್ದು. ಬೇರೆ ಪತ್ರಿಕೆಗಳನ್ನೂ ಪಕ್ಕದಲ್ಲಿಟ್ಟುಕೊಂಡೆ. ಗುರುತು ಬಿಟ್ಟುಕೊಟ್ಟ ಸುದ್ದಿ ಹುಡುಕುತ್ತಾ ಹೋದವಳ ಕಣ್ಣಿಗೆ ಬಿದ್ದದ್ದೇ ಬೇರೆ. ಯಾವ ಸುದ್ದಿ ಯಾವ ಪುಟದಲ್ಲಿದೆ, ಎಷ್ಟು ಉದ್ದ ಇದೆ ಅನ್ನೋದು ಎಲ್ಲ ಪತ್ರಿಕೆಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ ಇತ್ತು.

ಬಿಹಾರದಿಂದ ಬಂದ ಗಾರೆ ಕೆಲಸದವನು, ಶಾಲಾ ವ್ಯಾನಿನ ಡ್ರೈವರ್, ಗುಜರಿ ಆಯುವವನು, ಇಂಥವರ ಮೇಲೆ ದೂರು ಬಂದಿದ್ದರೆ ಮೊದಲ ಪುಟ. ಮೂರು ಕಾಲಂ, ಫೋಟೊ, ಊರು, ವಯಸ್ಸು. ‘ಆರೋಪಿ’ ಅಂತ ಬರೆಯುವ ತಾಳ್ಮೆಯೂ ಇಲ್ಲ, ನೇರವಾಗಿ ‘ಕಾಮುಕ’. ಮುಸ್ಲಿಂ ಹೆಸರಾಗಿದ್ದರೆ ಅದು ಶೀರ್ಷಿಕೆಗೇ ಏರಿರುತ್ತಿತ್ತು. ಅದೇ ಒಬ್ಬ ಡಾಕ್ಟರೋ, ಟ್ಯೂಷನ್ ಮೇಷ್ಟ್ರೋ, ಊರಲ್ಲಿ ನಾಲ್ಕು ಜನ ಕೈಮುಗಿಯುವವರೋ ಆಗಿದ್ದರೆ ಸುದ್ದಿ ಒಳಪುಟಕ್ಕೆ ಹೋಗುತ್ತಿತ್ತು. ‘ಆರೋಪ ಕೇಳಿಬಂದಿದೆ’ ಅನ್ನುವ ಎಚ್ಚರಿಕೆ ಬರುತ್ತಿತ್ತು. ಆರೋಪಿಗೂ ಬಹುವಚನ. ಇನ್ನು ಮನೆಯವರೇ ಆಗಿದ್ದರೆ ‘ಬಾಲಕಿ ಮೇಲೆ ದೌರ್ಜನ್ಯ: ಒಬ್ಬನ ಬಂಧನ’ ಅಂತ ನಾಲ್ಕು ಸಾಲು, ಪಂಪ್‌ಸೆಟ್ ಕಳವಿನ ಸುದ್ದಿಯ ಪಕ್ಕದಲ್ಲಿ.

ಲೆಕ್ಕ ನೋಡಿದರೆ ಇದು ತಲೆಕೆಳಗು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕೊಡುವ ಅಂಕಿಗಳಲ್ಲಿ, ಪೋಕ್ಸೊದ 4 ಮತ್ತು 6ನೇ ಸೆಕ್ಷನ್, ಅಂದರೆ ಅತ್ಯಾಚಾರದಂಥ ಗಂಭೀರ ಪ್ರಕರಣಗಳ ಪೈಕಿ ಶೇ 95ರ ಆಸುಪಾಸು ಆರೋಪಿಗಳು ಮಗುವಿಗೆ ಗೊತ್ತಿರುವವರೇ. ಪ್ರೀತಿಸಿ ಓಡಿಹೋದವರ ಪ್ರಕರಣಗಳೂ ಇದರಲ್ಲಿ ಸೇರಿವೆ ನಿಜ. ಆದರೂ ಅಪರಿಚಿತರ ಪಾಲು ತೀರಾ ಕಡಿಮೆ. ನಮ್ಮ ಮೊದಲ ಪುಟ ಮಾತ್ರ ಓದಿದವರಿಗೆ ಹಾಗೆ ಅನ್ನಿಸಲು ಸಾಧ್ಯವೇ ಇಲ್ಲ.

ಇದನ್ನೆಲ್ಲ ಡೆಸ್ಕ್‌ನವರ ಜಾತಿ, ಧರ್ಮದ ಪೂರ್ವಗ್ರಹ ಅಂತ ಹೇಳಿ ಮುಗಿಸೋದು ಸುಲಭ. ಅದು ಇದೆ, ಇಲ್ಲ ಅನ್ನಲ್ಲ. ಆದರೆ ಬಂಡಲ್‌ಗಳ ಮುಂದೆ ಕೂತಾಗ ಇನ್ನೊಂದು ಕಾರಣವೂ ಹೊಳೆಯಿತು. ಆರೋಪಿ ಮಗುವಿನ ತಂದೆಯೋ, ಚಿಕ್ಕಪ್ಪನೋ, ಮಾವನೋ ಆಗಿದ್ದರೆ ಅವನ ಹೆಸರು ಹಾಕಿದ ಕೂಡಲೇ ಮಗುವಿನ ಗುರುತು ಸಿಕ್ಕಿಬಿಡುತ್ತದೆ. ಹಾಗಾಗಿ ಹೆಸರಿಲ್ಲ, ಫೋಟೊ ಇಲ್ಲ, ಊರಿಲ್ಲ. ಹೆಸರು, ಫೋಟೊ, ಊರು ಇಲ್ಲದ ಕಾಪಿಯನ್ನು ರಾತ್ರಿ ಪುಟ ಕಟ್ಟುವವರು ಎಲ್ಲಿ ಹಾಕುತ್ತಾರೆ? ಮೂಲೆಗೆ. ಹೊರಗಿನವನ ಸುದ್ದಿಯಲ್ಲಿ ಎಲ್ಲವೂ ಇರುತ್ತದೆ. ಅದು ತಾನಾಗಿಯೇ ಲೀಡ್, ಅಂದರೆ ಪುಟದ ಮುಖ್ಯ ಸುದ್ದಿ ಆಗುತ್ತದೆ. ಮಗುವನ್ನು ಕಾಯಲು ಮಾಡಿದ ಒಳ್ಳೆಯ ನಿಯಮವೇ ಇಲ್ಲಿ ಒಂದು ಕಡೆಗೆ ಜಗ್ಗುತ್ತಿದೆ, ಅದನ್ನು ಸರಿದೂಗಿಸುವ ಕೆಲಸ ಡೆಸ್ಕ್‌ನಲ್ಲಿ ಯಾರೂ ಮಾಡುತ್ತಿಲ್ಲ.

ಇನ್ನು ಚಿತ್ರ. ನಮ್ಮ ಸಿಸ್ಟಂನಲ್ಲಿ ಇಂಥ ಸುದ್ದಿಗಳಿಗೆ ಅಂತಲೇ ಒಂದು ಫೋಲ್ಡರ್ ಇದೆ. ಎಷ್ಟೋ ವರ್ಷದಿಂದ ಅವೇ ಚಿತ್ರಗಳು. ಮೂಲೆಯಲ್ಲಿ ಮೊಣಕಾಲಿಗೆ ಮುಖ ಹುದುಗಿಸಿ ಕೂತ ಹುಡುಗಿ, ಎರಡು ಜಡೆ, ಗೋಡೆ ಮೇಲೆ ದೊಡ್ಡ ಕೈಯ ನೆರಳು. ಇನ್ನೊಂದರಲ್ಲಿ ಅದೇ ಕೈ ಬಾಗಿಲ ಸಂದಿಯಿಂದ ಬರುತ್ತಿದೆ. ಬೆರಳುಗಳಿಗೆ ಉಗುರು, ಥೇಟ್ ರಾಕ್ಷಸನ ಹಾಗೆ. ವಾಚು ಕಟ್ಟಿದ, ಉಂಗುರ ಹಾಕಿದ, ಹೋಂವರ್ಕ್ ಹೇಳಿಕೊಡುವ ಕೈ ಒಂದರಲ್ಲೂ ಇಲ್ಲ. ಹುಡುಗನ ಚಿತ್ರವಂತೂ ಇಲ್ಲವೇ ಇಲ್ಲ. ಬಂಡಲ್‌ಗಳಲ್ಲಿಯೂ ಹುಡುಗರ ಸುದ್ದಿ ಅಷ್ಟಕ್ಕಷ್ಟೆ. 2007ರಲ್ಲಿ ಕೇಂದ್ರದ ಮಹಿಳೆಯರು ಮತ್ತು ಮಕ್ಕಳ ಇಲಾಖೆ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ ಅಧ್ಯಯನ ಮಾಡಿತ್ತು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಹೇಳಿದವರು ಶೇ 53ಕ್ಕೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗರು. ಆ ಚಿತ್ರಗಳನ್ನೆಲ್ಲ ಅಳಿಸಿಬಿಡಿ ಅಂತ ಹಾಳೆಯಲ್ಲಿ ಬರೆದೆ. ಕಲಾವಿದರಿಗೆ ಸ್ವಲ್ಪ ಬೇಜಾರಾಯ್ತು, ಇರಲಿ.

ಪ್ರೀತಿಸಿ ಓಡಿಹೋದವರ ಮಾತು ಹೇಳಿದೆನಲ್ಲ, ಅದೂ ಒಂದು ಗೋಜಲು. 16, 17 ವರ್ಷದ ಹುಡುಗಿ ತನ್ನಿಷ್ಟದಿಂದ ಹೋದರೂ ಕಾಯ್ದೆಯ ಪ್ರಕಾರ ಅದು ಪೋಕ್ಸೊ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳದ 7,064 ತೀರ್ಪುಗಳನ್ನು ಓದಿ, ಸುಮಾರು ಕಾಲು ಭಾಗ ಇಂಥವೇ ಅಂತ ಕಂಡುಕೊಂಡಿತ್ತು. ನಮ್ಮ ಧಾರವಾಡ ಹೈಕೋರ್ಟ್ ಪೀಠವೇ 2022ರಲ್ಲಿ ಒಪ್ಪಿಗೆಯ ವಯಸ್ಸಿನ ಬಗ್ಗೆ ಮತ್ತೊಮ್ಮೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತ್ತು. ವಯಸ್ಸು ಇಳಿಸುವುದು ಬೇಡ, ಆದರೆ ಇಂಥ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಅಂತ ಆಯೋಗ ಮರುವರ್ಷ ವರದಿ ಕೊಟ್ಟಿತು. ಈ ಚರ್ಚೆ ಏನೇ ಇರಲಿ, ಪತ್ರಿಕೆಯಲ್ಲಿ ಐದು ವರ್ಷದ ಮಗುವಿನ ಪ್ರಕರಣಕ್ಕೂ ಇದಕ್ಕೂ ಒಂದೇ ಶೀರ್ಷಿಕೆ. ಹುಡುಗ, ಹುಡುಗಿ ಒಂದೇ ಜಾತಿಯಾದರೆ ಸುದ್ದಿಯೇ ಇಲ್ಲ. ಬೇರೆ ಧರ್ಮ ಆದರೆ ದಿನಕ್ಕೊಂದು ಫಾಲೋಅಪ್.

ಪತ್ರಿಕೆಯ ಕಾಲಂ ಅಳತೆಯಿಂದ ಯಾರಿಗೆ ಏನಾಗುತ್ತದೆ ಅಂತ ಕೇಳಬಹುದು. 2014ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರ ಪುಟ್ಟ ಬಾಲಕಿಯ ಪ್ರಕರಣ ನೆನಪಿರಬಹುದು. ಪೊಲೀಸರು ಮೊದಲು ಸ್ಕೇಟಿಂಗ್ ಹೇಳಿಕೊಡುವವನನ್ನು ಹಿಡಿದರು. ಟೀವಿಯಲ್ಲಿ ಇಡೀ ದಿನ ಅವನ ಮುಖ, ಅವನ ಲ್ಯಾಪ್‌ಟಾಪಿನ ಕಥೆ. ಕೆಲವೇ ದಿನಗಳಲ್ಲಿ ಪೊಲೀಸರು ಅದೇ ಪ್ರಕರಣದಲ್ಲಿ ಬೇರೆ ಇಬ್ಬರನ್ನು ಬಂಧಿಸಿ, ಆರೋಪಿಗಳು ಇವರು ಎಂದರು. ಅಷ್ಟರಲ್ಲಿ ಮೊದಲನೆಯವನ ಫೋಟೊ ದೇಶವೆಲ್ಲ ಸುತ್ತಿ ಆಗಿತ್ತು. 2018 ಅದಕ್ಕಿಂತ ಘೋರ. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸ್‌ಆ್ಯಪ್ ವಿಡಿಯೊ ಹರಿದಾಡಿ, ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು. ಸ್ನೇಹಿತರ ಜೊತೆ ಕಾರಿನಲ್ಲಿ ಬಂದಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೆಟ್ ಕೊಟ್ಟಿದ್ದರು, ಅಷ್ಟೆ. ಆ ದಿನಗಳಲ್ಲಿ ಓಡಾಡಿದ ಒಂದು ವಿಡಿಯೊ, ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆ ಅಂತ ಮಾಡಿದ ಕಿರುಚಿತ್ರವನ್ನು ಕತ್ತರಿಸಿದ್ದು. ವಿಡಿಯೊ ಸುಳ್ಳು ಅಂತ ಆಮೇಲೆ ಎಲ್ಲರೂ ಬರೆದರು. ಚಾಕೊಲೆಟ್ ಹಿಡಿದ ಅಪರಿಚಿತ ಅನ್ನೋ ಚಿತ್ರವನ್ನು ಜನರ ತಲೆಯಲ್ಲಿ ಅದಕ್ಕೂ ಮೊದಲು ಕೂರಿಸಿದ್ದರಲ್ಲಿ ನಮ್ಮ ಪಾಲೆಷ್ಟು ಅಂತ ಯಾರೂ ಬರೆಯಲಿಲ್ಲ.

ತಿಂಗಳ ಮೀಟಿಂಗ್‌ಗೆ ತಾಲ್ಲೂಕು ವರದಿಗಾರರೆಲ್ಲ ಬಂದಾಗ ಕರಡು ಹಂಚಿದೆ. ಮಂಡಕ್ಕಿ, ಮಿರ್ಚಿ, ಚಹಾ ಬರುವವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ಶುರುವಾಯಿತು.

‘ಪೊಲೀಸರು ಗ್ರೂಪಿಗೆ ಹಾಕಿದ ಪ್ರೆಸ್‌ನೋಟ್ ಹಾಕೀವ್ರಿ ಮೇಡಂ, ಅದರಾಗ ತಪ್ಪೇನದ?’ ಎಂದರು ಒಬ್ಬರು. ತಪ್ಪಲ್ಲ, ಆದರೆ ಅಲ್ಲೇ ಅರ್ಧ ತೀರ್ಮಾನ ಆಗಿರುತ್ತದೆ. ಹೊರಗಿನವನನ್ನು ಹಿಡಿದಾಗ ಠಾಣೆಯ ಮುಂದೆ ನಿಲ್ಲಿಸಿ ಫೋಟೊ ಕಳಿಸುತ್ತಾರೆ. ಊರಿನ ದೊಡ್ಡವರ ಮೇಲೆ ದೂರು ಬಂದರೆ ಗ್ರೂಪು ಮೌನ.

ಇಪ್ಪತ್ತು ವರ್ಷದಿಂದ ಬರೆಯುತ್ತಿರುವ ಹಿರಿಯರೊಬ್ಬರು ಮಾತ್ರ ಮುಚ್ಚುಮರೆ ಇಲ್ಲದೆ ಹೇಳಿದರು. ‘ನೀವು ಹೇಳೂದು ಖರೆ ಅದರಿ. ಆದರ ಮನಿಯೊಳಗಿನ ಸುದ್ದಿ ಹೆಂಗ ಬರೀಲಿ? ನಾಳೆ ಅದೇ ಓಣ್ಯಾಗ ನಾ ಅಡ್ಡಾಡಬೇಕು. ಜಾತ್ರಿ ಪುರವಣಿಗೆ ಜಾಹೀರಾತು ಅವರ ಕಡೆನೇ ಕೇಳಬೇಕು. ಬಿಹಾರದಾಂವ ನನಗ ಏನು ಮಾಡ್ತಾನ್ರಿ?’

ಯಾರೂ ನಗಲಿಲ್ಲ. ತಾಲ್ಲೂಕು ವರದಿಗಾರರಿಗೆ ನಾವು ಕೊಡುವ ಸಂಭಾವನೆಯಲ್ಲಿ ಬೈಕಿನ ಪೆಟ್ರೋಲೂ ಹುಟ್ಟುವುದಿಲ್ಲ. ಜಾಹೀರಾತಿನ ಕಮಿಷನ್ ಮೇಲೇ ಅವರ ಸಂಸಾರ ನಡೆಯಬೇಕು. ಇದಕ್ಕೆ ಹಾಳೆಯಲ್ಲಿ ಏನಂತ ಬರೆಯಲಿ? ಕೊನೆಗೆ ಒಂದು ದಾರಿ ಮಾಡಿದೆವು. ಇಂಥ ಸುದ್ದಿಗಳಿಗೆ ಬರೆದವರ ಹೆಸರಿನ ಬೈಲೈನ್ ಇಲ್ಲ, ಸುದ್ದಿಯ ತಲೆಗೆ ಹಾಕುವ ಊರಿನ ಡೇಟ್‌ಲೈನ್ ಇಲ್ಲ. ವರದಿಗಾರರು ಎಫ್‌ಐಆರ್ ಪ್ರತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರ ಮಾತು ಕಳಿಸಿದರೆ ಸಾಕು, ಬರೆಯುವುದು ಡೆಸ್ಕ್‌ನಲ್ಲಿ. ಯಾವ ಪುಟ ಅನ್ನೋದನ್ನು ಆರೋಪಿ ಯಾರು ಅಂತ ನೋಡಿ ಗೊತ್ತು ಮಾಡುವ ಹಾಗಿಲ್ಲ. ಬಂಧನದ ಸುದ್ದಿ ಬಂದ ಪುಟದಲ್ಲೇ ತೀರ್ಪಿನ ಸುದ್ದಿಯೂ ಬರಬೇಕು, ಶಿಕ್ಷೆ ಆದರೂ ಖುಲಾಸೆ ಆದರೂ.

ಈ ಕೊನೆಯದಕ್ಕೆ ಕ್ರೈಂ ವರದಿಗಾರ ನಕ್ಕುಬಿಟ್ಟ. ಪೋಕ್ಸೊ ವಿಚಾರಣೆ ಮುಚ್ಚಿದ ಕೋರ್ಟಿನಲ್ಲಿ ನಡೆಯುತ್ತದೆ, ನಮಗೆ ಒಳಗೆ ಪ್ರವೇಶ ಇಲ್ಲ. ಒಂದು ವರ್ಷದೊಳಗೆ ಮುಗಿಸಬೇಕು ಅಂತ ಕಾಯ್ದೆ ಹೇಳಿದರೂ ಎಷ್ಟೋ ಪ್ರಕರಣ ಎಳೆಯುತ್ತಲೇ ಇರುತ್ತವೆ. ತೀರ್ಪು ಬರುವ ಹೊತ್ತಿಗೆ ಸುದ್ದಿ ಬರೆದವರು ಬೇರೆ ಊರಿಗೆ ವರ್ಗವಾಗಿರುತ್ತಾರೆ. ಈಗ ಒಂದು ರಿಜಿಸ್ಟರ್ ಇಟ್ಟಿದ್ದೇವೆ, ಪ್ರಕರಣದ ಸಂಖ್ಯೆ ಬರೆದು ಇ-ಕೋರ್ಟ್ಸ್ ತಾಣದಲ್ಲಿ ನೋಡುತ್ತಿರುತ್ತೇವೆ.

ಹಾಳೆ ಗೋಡೆಗೆ ಅಂಟಿಸಿದ ಮೇಲೆ ಬಂದ ಮೊದಲ ಕಾಪಿ ಇನ್ನೂ ನನ್ನ ಹತ್ತಿರ ಇದೆ. ರಾತ್ರಿ ಹತ್ತು ದಾಟಿತ್ತು, ಪುಟ ಬಿಡುವ ಅವಸರ. ‘ಎಪಿಎಂಸಿ ಹಮಾಲರೊಬ್ಬರ ಮಗಳು’ ಅಂತ ಶುರು. ಹಮಾಲರು ಹೋದರು. ‘ಗ್ರಾಮದ ಸರ್ಕಾರಿ ಶಾಲೆಯಲ್ಲಿ 6ನೇ ತರಗತಿ’ ಹೋಯಿತು. ‘ಹನುಮಪ್ಪನ ಗುಡಿ ಹಿಂದಿನ ಓಣಿ’, ಅದೂ ಹೋಯಿತು. ಇನ್ನೂರು ಮನೆಯ ಊರಿನಲ್ಲಿ ಇವೆಲ್ಲ ಇದ್ದ ಮೇಲೆ ಹೆಸರು ಬೇರೆ ಬೇಕಾ? ‘ತಾಯಿ ಕೂಲಿಗೆ ಹೋಗಿದ್ದ ವೇಳೆ ಮಗುವನ್ನು ಒಂಟಿಯಾಗಿ ಬಿಟ್ಟಿದ್ದರಿಂದ’ ಅನ್ನುವುದನ್ನು ಕೋಪದಿಂದಲೇ ಅಳಿಸಿದೆ. ಇಂಥ ಕಾಪಿಗಳಲ್ಲಿ ತಪ್ಪು ಯಾವಾಗಲೂ ಕೂಲಿಗೆ ಹೋದ ತಾಯಿಯದು. ತಂದೆ ಎಲ್ಲಿದ್ದ ಅಂತ ಯಾರೂ ಬರೆಯೋದಿಲ್ಲ. ‘ಪುಸಲಾಯಿಸಿ’, ‘ಕಾಮತೃಷೆ’ ಎರಡೂ ಹೋದವು.

ಸುದ್ದಿ ಸಂಪಾದಕರು ಬಂದು ಸ್ಕ್ರೀನ್ ನೋಡಿದರು. ‘ಓದೋಕೆ ಏನು ಉಳೀತು ಇದರಲ್ಲಿ?’ ಎಂದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಹಾಗಾಗಿ ತುಂಬಿಸಿದೆ. ಯಾವ ಸೆಕ್ಷನ್, ತನಿಖೆ, ವಿಚಾರಣೆಯಲ್ಲಿ ಮಗುವಿನ ಜೊತೆಗಿರುವ ಬೆಂಬಲ ವ್ಯಕ್ತಿಯನ್ನು ಕೊಟ್ಟಿದ್ದಾರಾ, ಪರಿಹಾರಕ್ಕೆ ಅರ್ಜಿ ಹೋಗಿದೆಯಾ, ಹೇಳಿಕೆಯನ್ನು ಯಾರು ಎಲ್ಲಿ ಪಡೆದರು. ಕೊನೆಗೆ ಮಕ್ಕಳ ಸಹಾಯವಾಣಿ 1098. ಮೂರು ಕಾಲಂ ಆಯಿತು. ಆರೋಪಿ ಮಗುವಿಗೆ ಗೊತ್ತಿದ್ದವನು ಅಂತ ಮಾತ್ರ ಹಾಕಿದ್ದೆ.

ಇದಾದ ಕೆಲವು ವಾರಕ್ಕೆ ಕಚೇರಿಗೆ ಒಂದು ಫೋನ್ ಬಂತು. ಶಾಲೆಯ ಟೀಚರ್, ದನಿಯಲ್ಲೇ ಐವತ್ತರ ಆಸುಪಾಸು ಅನ್ನಿಸುತ್ತಿತ್ತು. ತಮ್ಮ ತರಗತಿಯ ಒಂದು ಮಗು ಮನೆಗೆ ಹೋಗಲು ಅಳುತ್ತದೆ, ಚಿಕ್ಕಪ್ಪನ ಬಗ್ಗೆ ಏನೋ ಹೇಳಿದೆ ಎಂದರು. ‘ನಿಮ್ಮ ಪೇಪರಿನ್ಯಾಗ ಹೆಸರು ಹಾಕದ ಬರೀರಿ ಮೇಡಂ. ಓದಿ ಅವರಿಗೇ ತಿಳೀಲಿ.’

‘ಟೀಚರ್, ಪೊಲೀಸರಿಗೆ ಹೇಳಿಲ್ವಾ?’

‘ದೊಡ್ಡ ಮನೆತನದವರ್ರಿ. ಅಂಥಾ ಮನಿಯೊಳಗ ಹಿಂಗಾಗ್ತದಂದ್ರ ಯಾರು ನಂಬ್ತಾರ? ಪೇಪರಿನ್ಯಾಗ ಬರೋದೆಲ್ಲ ಎಂಥೆಂಥವರದೋ ಇರ್ತದ. ನನಗ ಒಮ್ಮೊಮ್ಮೆ ನಾನೇ ತಪ್ಪು ತಿಳಕೊಂಡೆ ಏನೋ ಅನಸ್ತದ.’

ಆ ಮಾತು ನನಗೆ ನಾಟಿತು. ಕಣ್ಣೆದುರು ಮಗು ಅಳುತ್ತಿದೆ, ಮೂವತ್ತು ವರ್ಷ ಮಕ್ಕಳನ್ನು ನೋಡಿದ ಅನುಭವ ಇದೆ. ಆದರೂ ಪತ್ರಿಕೆಯಲ್ಲಿ ಓದಿದ ಆರೋಪಿಗಳ ಸಾಲಿಗೆ ಆ ಚಿಕ್ಕಪ್ಪ ಹೊಂದುವುದಿಲ್ಲ ಅಂತ ಅವರು ತಮ್ಮನ್ನೇ ಅನುಮಾನಿಸುತ್ತಿದ್ದರು.

ಪೋಕ್ಸೊದ 19ನೇ ಸೆಕ್ಷನ್ ಓದಿ ಹೇಳಿದೆ. ಅನುಮಾನ ಇದ್ದರೂ ಸಾಕು, ತಿಳಿಸಬೇಕು. ಸಾಬೀತು ಮಾಡುವ ಹೊಣೆ ನಿಮ್ಮದಲ್ಲ. ಒಳ್ಳೆಯ ಮನಸ್ಸಿನಿಂದ ಹೇಳಿದರೆ ಆಮೇಲೆ ಅದು ಸರಿಯಿಲ್ಲ ಅಂತ ಆದರೂ ನಿಮ್ಮ ಮೇಲೆ ಕೇಸ್ ಇಲ್ಲ. ಗೊತ್ತಿದ್ದೂ ಸುಮ್ನಿದ್ದರೆ ಮಾತ್ರ 21ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಜೈಲಿದೆ. ಅವರಿಗೆ ಇದ್ದ ದೊಡ್ಡ ಭಯ ಶಾಲೆಯ ಅಂಗಳಕ್ಕೆ ಪೊಲೀಸ್ ಜೀಪು ಬರುವುದು. ಮಗುವಿನ ಹೇಳಿಕೆ ಪಡೆಯುವ ಪೊಲೀಸರು ಯೂನಿಫಾರ್ಮ್‌ನಲ್ಲಿ ಇರುವಂತಿಲ್ಲ, ಸಾಧ್ಯವಾದಷ್ಟೂ ಮಹಿಳಾ ಎಸ್‌ಐ ಬರಬೇಕು, ಮಗು ಹೇಳಿದ ಕಡೆ ಹೋಗಬೇಕು ಅಂತ ಕಾಯ್ದೆಯಲ್ಲೇ ಇದೆ ಅಂದೆ. ‘ಹೌದಾ?’ ಎಂದರು. ಒಬ್ಬರು ಟೀಚರಿಗೆ ಇದು ಗೊತ್ತಿಲ್ಲ ಅಂದರೆ, ಇಷ್ಟು ವರ್ಷ ಬಂಧನದ ಫೋಟೊ ಹಾಕಿದ ನಾವು ಇದನ್ನು ಎಷ್ಟು ಸಲ ಅಚ್ಚು ಹಾಕಿದ್ದೆವು?

ಫೋನ್ ಇಟ್ಟ ಮೇಲೆ ಇನ್ನೊಂದು ತಲೆಗೆ ಬಂತು. 19ನೇ ಸೆಕ್ಷನ್ ‘ಯಾವುದೇ ವ್ಯಕ್ತಿ’ ಅನ್ನುತ್ತದೆ. ಕೇಳಿಸಿಕೊಂಡ ನನಗೂ ಅದು ಅನ್ವಯ. ಟೀಚರಿಗೆ ತಿರುಗಿ ಫೋನ್ ಮಾಡಿ, ‘ನೀವು ಹೇಳದಿದ್ದರೂ ನಾನು ಹೇಳಲೇಬೇಕು, ಇಬ್ಬರೂ ಸೇರಿ ಹೇಳೋಣ’ ಅಂದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಆತ್ರಿ’ ಎಂದರು. ಮರುದಿನ ಮಕ್ಕಳ ರಕ್ಷಣಾ ಘಟಕಕ್ಕೆ ಅವರೇ ಹೇಳಿದರು. ಪತ್ರಿಕೆಯಲ್ಲಿ ಒಂದು ಸಾಲೂ ಬರೆಯಲಿಲ್ಲ, ಪ್ರಕರಣ ದಾಖಲಾಗುವವರೆಗೆ.

ದಾಖಲಾದ ದಿನ ಮುದ್ರಣದ ಪುಟಕ್ಕೆ ಜಿಲ್ಲೆಯ ಹೆಸರು ಮಾತ್ರ ಇಟ್ಟು, ‘ಪರಿಚಿತ ವ್ಯಕ್ತಿ’ ಅಂತ ಬರೆದು ಕಳಿಸಿದೆ. ಮರುದಿನ ಬೆಳಿಗ್ಗೆ ನೋಡುತ್ತೇನೆ, ನಮ್ಮದೇ ವೆಬ್‌ಸೈಟಿನಲ್ಲಿ ಶೀರ್ಷಿಕೆ ‘ಚಿಕ್ಕಪ್ಪನೇ ಕಾಮುಕ!’ ತಾಲ್ಲೂಕಿನ ಹೆಸರೂ ಇತ್ತು, ಜೊತೆಗೆ ಆ ನೆರಳಿನ ಕೈ. ಎಫ್‌ಐಆರ್ ಪ್ರತಿ ಬೆಂಗಳೂರಿನ ವೆಬ್ ತಂಡಕ್ಕೂ ಹೋಗಿತ್ತು. ನಮ್ಮ ಗೋಡೆಯ ಹಾಳೆ ಅವರಿಗೆ ಗೊತ್ತೇ ಇಲ್ಲ, ಅವರ ಫೋಲ್ಡರ್ ಬೇರೆ. ಫೋನ್ ಮಾಡಿದೆ. ಶಿಫ್ಟಿನಲ್ಲಿದ್ದ ಹುಡುಗ ಪಾಪ, ‘ಮೇಡಂ, ಇದಕ್ಕೇ ಕ್ಲಿಕ್ ಜಾಸ್ತಿ ಬರ್ತಿದೆ, ನಾನು ತೆಗೆಯೋ ಹಾಗಿಲ್ಲ, ಸರ್‌ಗೆ ಕೇಳ್ಬೇಕು’ ಎಂದ. ಅವರ ಸರ್ ಎದ್ದು ಫೋನ್ ತೆಗೆದು, ಶೀರ್ಷಿಕೆ ಬದಲಾಗುವ ಹೊತ್ತಿಗೆ ಸ್ಕ್ರೀನ್‌ಶಾಟ್ ಆ ತಾಲ್ಲೂಕಿನ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿತ್ತು. ನಮ್ಮ ಹಿರಿಯ ವರದಿಗಾರರೇ ಅದನ್ನು ನನಗೆ ಕಳಿಸಿದ್ದು, ಕೆಳಗೆ ‘ಈಗೇನ್ ಮಾಡೂದ್ರಿ ಮೇಡಂ?’ ಅಂತ ಬರೆದು.

ಈಗ ವೆಬ್ ತಂಡದವರ ಜೊತೆ ಮೀಟಿಂಗ್ ಕೇಳಿದ್ದೇನೆ. ಹಾಳೆ ತಗೊಂಡು ಬನ್ನಿ, ಆದರೆ ಚಿಕ್ಕದಾಗಿ ಮಾಡಿ ಎಂದಿದ್ದಾರೆ.